ನಮ್ಮ ಕೆಂಪು ಮಣ್ಣಿಗೆ ಯಾವ ಹಳದಿ ಹೂವಿನ ಗಿಡ?

ಮುಂಗಾರಿನ ಎರಡು ಹದಮಳೆ ಬಿದ್ದರೆ ಸಾಕು, ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ನನಗೆ ಬರತೊಡಗುತ್ತದೆ. ತುಮಕೂರಿನಲ್ಲಿ ಮೂವತ್ತು ನಲವತ್ತರ ಸೈಟಿನಲ್ಲಿ ಹೊಸ ಮನೆ ಕಟ್ಟಿದವರಿಗೆ ಗೇಟಿನ ಪಕ್ಕಕ್ಕೆ ವರ್ಷವಿಡೀ ಹಳದಿ ಹೂ ಬಿಡುವ ಗಿಡವೊಂದು ಬೇಕು. ಚಿಂತಾಮಣಿ ಕಡೆಯ ತೋಟದವರಿಗೆ ಬೇಲಿಯೂ ಆಗಬೇಕು, ಕಣ್ಣಿಗೂ ತಂಪಾಗಬೇಕು. ಶಿಡ್ಲಘಟ್ಟದ ಹತ್ತಿರದ ಓದುಗರೊಬ್ಬರು ನರ್ಸರಿಯಲ್ಲಿ ನಿಂತೇ ನಾಲ್ಕು ಗಿಡಗಳ ಫೋಟೊ ಕಳಿಸಿ, ಎಲ್ಲವೂ ಹಳದಿ, ಎಲ್ಲವೂ ಚೆಂದ, ಯಾವುದನ್ನು ತರಲಿ ಎಂದು ಕೇಳಿದರು. ಆ ನಾಲ್ಕು ಗಿಡಗಳು ಟೆಕೋಮಾ, ಹಳದಿ ಕಣಗಿಲೆ, ಅಲಮಾಂಡ ಮತ್ತು ಗಾಲ್ಫಿಮಿಯಾ. ಅವರ ಫೋಟೊದಲ್ಲಿ ಇಲ್ಲದ ಐದನೆಯದೊಂದನ್ನು ನಾನು ಸೇರಿಸುತ್ತೇನೆ. ಅದು ನಮ್ಮ ಗುಡ್ಡಗಳ ತಂಗಡಿ.

ಮೊದಲು ಅಳತೆಗೋಲು

ನರ್ಸರಿಯ ಹಸಿರು ಬಲೆಯ ಕೆಳಗೆ, ತೆಂಗಿನ ನಾರಿನ ಪುಡಿಯಲ್ಲಿ, ದಿನವೂ ನೀರು ಕುಡಿಯುತ್ತಾ ನಿಂತ ಗಿಡಗಳೆಲ್ಲ ನಗುತ್ತಲೇ ಇರುತ್ತವೆ. ಅಲ್ಲಿನ ಹೂವನ್ನು ನೋಡಿ ಗಿಡ ಆರಿಸಿದರೆ ಮೋಸ ಹೋಗುತ್ತೇವೆ. ಗಿಡದ ಎರಡನೆಯ ಬೇಸಿಗೆ ಹೇಗಿರುತ್ತದೆ ಎಂಬುದನ್ನು ನಾನು ನೋಡುತ್ತೇನೆ. ಮೊದಲ ಬೇಸಿಗೆಯಲ್ಲಿ ಮನೆಯವರಿಗೆ ಹುರುಪು ಇರುತ್ತದೆ, ಸಂಜೆಯಾದರೆ ಯಾರಾದರೂ ಒಂದು ಬಿಂದಿಗೆ ನೀರು ಹೊಯ್ಯುತ್ತಾರೆ. ಎರಡನೆಯ ಬೇಸಿಗೆಯ ಹೊತ್ತಿಗೆ ಹುರುಪು ಇಳಿದಿರುತ್ತದೆ, ಟ್ಯಾಂಕರ್ ಎರಡು ದಿನ ತಡವಾಗಿರುತ್ತದೆ, ಮನೆಯವರು ಮದುವೆಗೆಂದು ಊರಿಗೆ ಹೋಗಿರುತ್ತಾರೆ. ಆಗ ಉಳಿಯುವ ಗಿಡವೇ ನಿಜವಾಗಿ ನಿಮ್ಮದು.

ನೀರಿನ ಲೆಕ್ಕವನ್ನು ಕಾಗದದ ಮೇಲೆ ಬರೆದೇ ನೋಡಿ. ಎರಡು ದಿನಕ್ಕೊಮ್ಮೆ ಹತ್ತು ಲೀಟರ್ ಬೇಡುವ ಗಿಡವೊಂದು ಬೇಸಿಗೆಯ ತೊಂಬತ್ತು ದಿನಗಳಲ್ಲಿ 450 ಲೀಟರ್ ಕುಡಿಯುತ್ತದೆ. ಅಂಥ ಹತ್ತು ಗಿಡಗಳನ್ನು ಬೇಲಿಗೆ ಹಾಕಿದರೆ 4,500 ಲೀಟರ್, ಹೆಚ್ಚುಕಡಿಮೆ ಒಂದು ಟ್ಯಾಂಕರ್. ವರ್ಷವಿಡೀ ಹರಿಯುವ ಹೊಳೆಯಿಲ್ಲದ, ಕೊಳವೆಬಾವಿಗಳು ಸಾವಿರ ಅಡಿ ದಾಟಿರುವ ಸೀಮೆ ನಮ್ಮದು. ಇಲ್ಲಿ ಸಸಿಯ ಬೆಲೆಗಿಂತ ಅದು ಕುಡಿಯುವ ನೀರಿನ ಬೆಲೆ ದೊಡ್ಡದು. ಆದ್ದರಿಂದಲೇ ಸಸಿಯ ದರವನ್ನು ನಾನು ಕೊನೆಗೆ ಕೇಳುತ್ತೇನೆ.

ಎರಡನೆಯದು, ಗಿಡದ ಸುತ್ತ ಯಾವ ಜೀವಗಳು ಓಡಾಡುತ್ತವೆ ಎಂಬುದು. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಹಸು ಇಲ್ಲದ ಹಳ್ಳಿಯ ಮನೆ ಅಪರೂಪ. ಆಡು, ಕುರಿ, ಅಂಗಳದಲ್ಲಿ ಆಡುವ ಮಕ್ಕಳು ಎಲ್ಲರೂ ಲೆಕ್ಕಕ್ಕೆ ಬರಬೇಕು. ಮೂರನೆಯದು ಮಣ್ಣು ಮತ್ತು ನೀರಿನ ಗುಣ. ಕೊಳವೆಬಾವಿ ನೀರು ಹಾಕಿದ ಕುಂಡದ ಅಂಚಿನಲ್ಲಿ ಬಿಳಿಯ ಹೊಟ್ಟು ಕಟ್ಟುತ್ತದೆಯಲ್ಲ, ಅದು ಗಡಸು ನೀರಿನ ಗುರುತು. ಕೆಲವು ಗಿಡಗಳಿಗೆ ಅದು ಸಹಿಸದು. ಉಳಿದಂತೆ ಜಾಗ ಎಷ್ಟಿದೆ, ಕತ್ತರಿ ಹಿಡಿಯಲು ಬಿಡುವು ಇದೆಯೇ, ಹೂ ಪೂಜೆಗೆ ಬೇಕೋ ನೋಟಕ್ಕೆ ಸಾಕೋ ಎಂಬುದು ಮನೆ ಮನೆಗೆ ಬೇರೆ.

ಟೆಕೋಮಾ

ಗಂಟೆಯಾಕಾರದ ಹೂಗಳು ಗೊಂಚಲು ಗೊಂಚಲಾಗಿ, ತಿಳಿ ಹಸಿರಿನ ಗರಗಸದಂಚಿನ ಎಲೆಗಳ ಮೇಲೆ ತುಳುಕುತ್ತಿರುತ್ತವೆ. ಇದರ ತವರು ಅಮೆರಿಕ ಖಂಡದ ಬಿಸಿ ನಾಡುಗಳು. ಬಹಾಮಾಸ್ ದೇಶದ ರಾಷ್ಟ್ರೀಯ ಹೂ ಕೂಡ ಇದೇ. ನಮ್ಮ ಬಿಸಿಲಿಗೆ ಇದು ಪೂರ್ತಿ ಒಗ್ಗಿಕೊಂಡಿದೆ. ದಿನಕ್ಕೆ ಆರು ಗಂಟೆಯ ನೇರ ಬಿಸಿಲು ಸಿಕ್ಕರೆ ಹೂವಿಗೆ ಬರವಿಲ್ಲ. ನೆರಳಲ್ಲಿ ನೆಟ್ಟರೆ ಎಲೆ ಮಾತ್ರ ಬೆಳೆಯುತ್ತದೆ, ಹೂ ಬಿಡುವುದಿಲ್ಲ ಎಂಬ ದೂರು ಬರುವುದೇ ಅಂಥ ಮನೆಗಳಿಂದ.

ಬೇರೂರುವ ಮೊದಲ ವರ್ಷ ವಾರಕ್ಕೆ ಎರಡು ಸಲ ನೀರು ಬೇಕು. ಆಮೇಲೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದು ಕೊಡಪಾನ ಕೊಟ್ಟರೂ ತಡೆದುಕೊಳ್ಳುತ್ತದೆ. ಗರಸು ಮಣ್ಣನ್ನೂ ಗಡಸು ನೀರನ್ನೂ ಹೆಚ್ಚು ಲೆಕ್ಕಿಸುವುದಿಲ್ಲ. ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಾಗಾಗಿ ಒಂದು ಸುತ್ತು ಹೂ ಮುಗಿದ ಕೂಡಲೇ ರೆಂಬೆಗಳನ್ನು ಮೂರನೇ ಒಂದು ಭಾಗ ಸವರಿದರೆ ಮತ್ತೆ ಚಿಗುರಿ ಮತ್ತೆ ಹೂ. ಸವರದೆ ಬಿಟ್ಟರೆ ಹದಿನೈದು ಅಡಿಗೆ ಏರಿ, ಕೆಳಗೆ ಬೋಳಾಗಿ, ಹೂವೆಲ್ಲ ವಿದ್ಯುತ್ ತಂತಿಗೆ ಹತ್ತಿರ ಹೋಗುತ್ತದೆ. ಮೂವತ್ತು ನಲವತ್ತರ ಸೈಟಿನವರು ಕುಳ್ಳ ತಳಿಯನ್ನೇ ಕೇಳಿ ತರಬೇಕು. ಗೋಡೆಯಿಂದ ನಾಲ್ಕೈದು ಅಡಿ ಬಿಟ್ಟು ನೆಡಬೇಕು.

ಎರಡು ಕಿರಿಕಿರಿಗಳಿವೆ. ಹೂ ಬೇಗ ಉದುರುತ್ತದೆ, ಪ್ರತಿದಿನ ಬೆಳಿಗ್ಗೆ ಅಂಗಳ ಗುಡಿಸಲೇಬೇಕು. ಇನ್ನೊಂದು ಅದರ ಬೀಜ. ಉದ್ದನೆಯ ಕಾಯಿ ಒಣಗಿ ಬಿರಿದರೆ ಒಳಗಿನಿಂದ ರೆಕ್ಕೆಯಿರುವ ತೆಳು ಬೀಜಗಳು ಗಾಳಿಯಲ್ಲಿ ಹಾರುತ್ತವೆ. ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾಗಳಲ್ಲಿ ಇದು ಕಳೆಯಾಗಿ ಹಬ್ಬಿ ತಲೆನೋವಾಗಿದೆ. ನಿಮ್ಮ ಜಾಗ ಕೆರೆಯ ಏರಿಗೋ ಕುರುಚಲು ಕಾಡಿಗೋ ಅಂಟಿಕೊಂಡಿದ್ದರೆ ಇದನ್ನು ಬಿಡಿ. ಊರೊಳಗಿದ್ದರೆ ಕಾಯಿ ಹಸಿರಿರುವಾಗಲೇ ಕತ್ತರಿಸಿ ಹಾಕುವ ಅಭ್ಯಾಸ ಮಾಡಿಕೊಳ್ಳಿ. ಸೂರಕ್ಕಿಗಳು ಇದರ ಮಕರಂದಕ್ಕೆ ದಿನಕ್ಕೆ ಹತ್ತು ಸಲ ಬರುತ್ತವೆ. ಅಡುಗೆಮನೆಯ ಕಿಟಕಿಗೆ ಕಾಣುವಂತೆ ನೆಟ್ಟವರು ಇದನ್ನು ಮರೆಯುವುದಿಲ್ಲ.

ಹಳದಿ ಕಣಗಿಲೆ

ನೀರಿನ ವಿಷಯ ಒಂದನ್ನೇ ನೋಡಿದರೆ ನರ್ಸರಿಯ ನಾಲ್ಕರಲ್ಲಿ ಇದೇ ಗಟ್ಟಿ. ಹೆದ್ದಾರಿಯ ವಿಭಜಕದಲ್ಲಿ, ಬಸ್ಸು ಲಾರಿಗಳ ಹೊಗೆಯ ನಡುವೆಯೂ ಎಲೆ ಹೊಳೆಯುವ ಗಿಡವಿದು. ಕಿರಿದಾದ ಕಡು ಹಸಿರಿನ ಎಲೆ, ಆಲಿಕೆಯಂಥ ಹೂ, ಶಿವನ ಪೂಜೆಗೆ ಸಲ್ಲುವ ಹೂ. ಬೀಜದಿಂದ ಸುಲಭವಾಗಿ ಬರುತ್ತದೆ, ಸಸಿಯೂ ಅಗ್ಗ. ಆಡು ಇದನ್ನು ಮೇಯುವುದಿಲ್ಲ, ಬೇಲಿಗೆ ಒಳ್ಳೆಯದು ಎಂದು ಮಾರುವವರು ಹೇಳುತ್ತಾರೆ.

ಆ ಮಾತನ್ನು ನಂಬಿ ನಾನೂ ನೆಟ್ಟಿದ್ದೆ. ಕೋಲಾರದ ಅಂಚಿನಲ್ಲಿರುವ ನಮ್ಮ ಮನೆಯ ಹಿಂದಿನ ಬೇಲಿಗೆ ಎಂಟು ಗಿಡ. ನಾಲ್ಕು ವರ್ಷ ಏನೂ ಆಗಲಿಲ್ಲ. ಹಸಿ ಎಲೆಯನ್ನು ಆಡುಗಳು ಮೂಸಿ ನೋಡಿ ಮುಂದೆ ಹೋಗುತ್ತಿದ್ದವು. ಒಂದು ಫೆಬ್ರವರಿಯಲ್ಲಿ ಬೇಲಿಯನ್ನು ಸವರಿ, ಕತ್ತರಿಸಿದ ರೆಂಬೆಗಳನ್ನು ಬೇಲಿಯ ಆಚೆ ರಾಶಿ ಹಾಕಿದೆ. ಸುತ್ತಮುತ್ತ ಹಸಿರು ಎಂಬುದು ಇರದ ಕಾಲ. ಎರಡು ದಿನ ಬಾಡಿದ ಆ ಸೊಪ್ಪನ್ನು ಪಕ್ಕದ ಮನೆಯ ಮರಿ ಆಡು ತಿಂದಿತು. ಸಂಜೆಯ ಹೊತ್ತಿಗೆ ಅದು ನಿಲ್ಲಲಾರದೆ ಬಿದ್ದಿತ್ತು. ಪಶುವೈದ್ಯರು ಬರುವಷ್ಟರಲ್ಲಿ ಜೀವ ಹೋಗಿತ್ತು. ಆ ಮನೆಯ ಹುಡುಗಿ ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು. ಮಾರನೆಯ ವಾರವೇ ಎಂಟೂ ಗಿಡಗಳನ್ನು ಬುಡಸಮೇತ ಕೀಳಿಸಿ ಗುಂಡಿಯಲ್ಲಿ ಹೂಳಿಸಿದೆ.

ಇದರ ಎಲೆ, ತೊಗಟೆ, ಹಾಲು, ಬೀಜ ಎಲ್ಲದರಲ್ಲೂ ಹೃದಯದ ಬಡಿತವನ್ನು ಕೆಡಿಸುವ ವಿಷವಿದೆ. ಬೀಜದಲ್ಲಿ ತುಂಬಾ ಹೆಚ್ಚು. ಒಣಗಿದರೂ ವಿಷ ಹೋಗುವುದಿಲ್ಲ. ಬಾಡಿದ ಸೊಪ್ಪನ್ನು ಹಸಿದ ಜಾನುವಾರು ಹಸಿ ಸೊಪ್ಪಿನಂತೆ ಬಿಟ್ಟುಬಿಡುವುದಿಲ್ಲ ಎಂಬುದನ್ನು ನಾನು ಕಲಿತದ್ದು ಹೀಗೆ. ಮಕ್ಕಳಿಗೂ ಇದರ ತ್ರಿಕೋನದ ಕಾಯಿ ಆಟದ ವಸ್ತುವಿನಂತೆ ಕಾಣುತ್ತದೆ. ಯಾರಾದರೂ ಬೀಜ ನುಂಗಿದ ಅನುಮಾನ ಬಂದರೂ ಮನೆಮದ್ದು ಮಾಡುತ್ತಾ ಕೂರಬಾರದು, ಚೆನ್ನಾಗಿರುವಂತೆ ಕಂಡರೂ ನೇರವಾಗಿ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು.

ಹಸು, ಆಡು, ಚಿಕ್ಕ ಮಕ್ಕಳು ಇರುವ ಮನೆಗೆ ಇದು ಬೇಡ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಜಾನುವಾರು ಬಾರದ, ಕಾಂಪೌಂಡ್ ಇರುವ, ದೊಡ್ಡವರಷ್ಟೇ ವಾಸವಿರುವ ಜಾಗವಾದರೆ ನೆಡಬಹುದು. ಆದರೆ ಸವರಿದ ಒಂದು ಎಲೆಯೂ ಹೊರಗೆ ಬೀಳಬಾರದು, ಅದನ್ನು ಒಲೆಗೂ ಹಾಕಬಾರದು, ಕೈಗವಸು ಹಾಕಿಕೊಂಡು ಕೆಲಸ ಮಾಡಬೇಕು. ಇಷ್ಟು ಎಚ್ಚರವನ್ನು ವರ್ಷಗಟ್ಟಲೆ ಹೊರಲು ಸಿದ್ಧರಿದ್ದೀರಾ ಎಂದು ಕೇಳಿಕೊಳ್ಳಿ.

ಅಲಮಾಂಡ

ಐದರಲ್ಲಿ ದೊಡ್ಡ ಹೂ ಇದರದು. ಅರಿಶಿನವನ್ನು ಕಲಸಿ ಮಾಡಿದಂತಹ ಬಣ್ಣ, ಹೊಳೆಯುವ ದಪ್ಪ ಎಲೆ. ಇದರಲ್ಲಿ ಎರಡು ಬಗೆ ಸಿಗುತ್ತದೆ. ಒಂದು ಬಳ್ಳಿಯಂತೆ ಚಾಚಿಕೊಂಡು ಕಮಾನಿಗೆ, ಜಾಲರಿಗೆ ಕಟ್ಟಿಸಿಕೊಳ್ಳುವುದು. ಇನ್ನೊಂದು ನಾಲ್ಕೈದು ಅಡಿಯಲ್ಲೇ ನಿಲ್ಲುವ ಪೊದೆ, ಹೂ ಸ್ವಲ್ಪ ಚಿಕ್ಕದು. ನರ್ಸರಿಯಲ್ಲಿ ಎರಡಕ್ಕೂ ಒಂದೇ ಹೆಸರು ಹೇಳುತ್ತಾರೆ, ಆದ್ದರಿಂದ ಬಳ್ಳಿಯೋ ಪೊದೆಯೋ ಎಂದು ಕೇಳಿಯೇ ತನ್ನಿ.

ಇದರ ತವರು ಬ್ರೆಜಿಲ್ ಮತ್ತು ಅದರ ಉತ್ತರದ ತೇವದ ನಾಡು. ಆ ತೇವವನ್ನು ಅದು ಇಲ್ಲಿಯೂ ಬೇಡುತ್ತದೆ. ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ ನೀರು ಬೇಕೇ ಬೇಕು. ನಾನು ಆಗಲೇ ಹಾಕಿದ ಲೆಕ್ಕ ಇದರದ್ದೇ. ಮೇಲಾಗಿ ಅದಕ್ಕೆ ಸ್ವಲ್ಪ ಹುಳಿ ಗುಣದ ಮಣ್ಣು ಇಷ್ಟ. ನಮ್ಮ ಗಡಸು ನೀರನ್ನೇ ಹಾಕುತ್ತಾ ಹೋದರೆ ವರ್ಷದೊಳಗೆ ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಗೊಬ್ಬರ ಸಾಲದು ಎಂದುಕೊಂಡು ಯೂರಿಯಾ ಸುರಿಯುವವರನ್ನು ಕಂಡಿದ್ದೇನೆ. ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಸುಣ್ಣದ ಅಂಶ ಅದನ್ನು ಬೇರಿಗೆ ಸಿಗದಂತೆ ಕಟ್ಟಿಹಾಕಿರುತ್ತದೆ. ತಾರಸಿಯ ಮಳೆನೀರನ್ನು ಹಿಡಿದಿಟ್ಟು ಹಾಕುವುದು, ಬುಡಕ್ಕೆ ಎಲೆಗೊಬ್ಬರ ತುಂಬುವುದು, ಹೆಚ್ಚಾದಾಗ ಎಲೆಗಳ ಮೇಲೆ ಕಬ್ಬಿಣದ ಪೋಷಕಾಂಶ ಸಿಂಪಡಿಸುವುದು ದಾರಿ.

ಚಳಿಯೂ ಇದಕ್ಕೆ ಆಗದು. ನಂದಿಬೆಟ್ಟದ ಕೆಳಗಿನ ಊರುಗಳಲ್ಲಿ ಡಿಸೆಂಬರ್, ಜನವರಿಯಲ್ಲಿ ಹೂ ನಿಲ್ಲಿಸಿ ಮಂಕಾಗುತ್ತದೆ. ಗಿಡ ಸತ್ತಿತೆಂದು ಕೀಳಬೇಡಿ. ಫೆಬ್ರವರಿ ಕೊನೆಗೆ ಗಟ್ಟಿಯಾಗಿ ಸವರಿ, ಗೊಬ್ಬರ ಕೊಟ್ಟರೆ ಏಪ್ರಿಲಿಗೆ ಮತ್ತೆ ಹೂ. ಇದೂ ಕಣಗಿಲೆಯ ಕುಟುಂಬದ್ದೇ, ಮುರಿದರೆ ಹಾಲು ಬರುತ್ತದೆ. ಆ ಹಾಲು ಚರ್ಮಕ್ಕೆ ತಾಗಿದರೆ ಕೆಲವರಿಗೆ ತುರಿಕೆ. ಹೊಟ್ಟೆಗೆ ಹೋದರೆ ವಾಂತಿ, ಭೇದಿ. ಇದರ ಲ್ಯಾಟಿನ್ ಹೆಸರಿನ ಎರಡನೆಯ ಪದ ‘ಕ್ಯಾಥಾರ್ಟಿಕಾ’ದ ಅರ್ಥವೇ ಭೇದಿ ಮಾಡಿಸುವುದು. ಹಳದಿ ಕಣಗಿಲೆಯಷ್ಟು ಅಪಾಯಕಾರಿಯಲ್ಲ, ಆದರೂ ಹಸುವಿನ ಬಾಯಿಗೆ ಎಟಕುವಲ್ಲಿ ಬೇಡ.

ಇಷ್ಟೆಲ್ಲ ಹೇಳಿದರೂ, ಮಳೆನೀರಿನ ತೊಟ್ಟಿ ಇರುವ, ಗೇಟಿಗೆ ಕಮಾನು ಕಟ್ಟಿಸಿರುವ ಮನೆಗೆ ಇದಕ್ಕೆ ಸಮನಾದ ಗಿಡ ಇನ್ನೊಂದಿಲ್ಲ. ಒಂದೇ ಒಂದನ್ನು ನೆಡಿ, ಬೇಲಿ ತುಂಬ ಬೇಡ.

ಗಾಲ್ಫಿಮಿಯಾ

ಇದು ನರ್ಸರಿಯ ಮೂಲೆಯಲ್ಲಿ ಇರುತ್ತದೆ, ಹೆಚ್ಚು ಜನ ಕೇಳುವುದಿಲ್ಲ. ಹೂ ಬೆರಳಿನ ಉಗುರಿನಷ್ಟು, ನಕ್ಷತ್ರದ ಆಕಾರ, ತೆನೆಯಂತೆ ಗೊಂಚಲು. ಕೆಂಪು ಛಾಯೆಯ ಕಡ್ಡಿಗಳ ಮೇಲೆ ಆ ಹಳದಿ ಬಲು ಚೆಂದ. ಮೆಕ್ಸಿಕೋ ಮೂಲದ ಗಿಡ. ಮಾಲ್ಪಿಘಿಯಾ ಎಂಬ ಸಂಬಂಧಿ ಗಿಡದ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದು ಮುಂದು ಮಾಡಿ ಇದಕ್ಕೆ ಹೆಸರಿಟ್ಟರು.

ನಾಲ್ಕೈದು ಅಡಿಯಲ್ಲಿ ತಾನಾಗಿಯೇ ದುಂಡಗೆ ನಿಲ್ಲುತ್ತದೆ. ಕತ್ತರಿಯ ಕೆಲಸ ಕಡಿಮೆ, ಮುರಿದರೆ ಹಾಲು ಬರುವುದಿಲ್ಲ, ಬೀಜ ಹಾರಿ ಊರು ತುಂಬುವುದಿಲ್ಲ. ಹದಿನಾಲ್ಕು ಇಂಚಿನ ಕುಂಡದಲ್ಲೂ ಬದುಕುತ್ತದೆ. ನೀರಿನಲ್ಲಿ ಟೆಕೋಮಾಕ್ಕಿಂತ ಸ್ವಲ್ಪ ಹೆಚ್ಚು, ಅಲಮಾಂಡಕ್ಕಿಂತ ಬಹಳ ಕಡಿಮೆ. ನೆಲದಲ್ಲಿದ್ದರೆ ಬೇಸಿಗೆಯಲ್ಲಿ ಐದು ದಿನಕ್ಕೊಮ್ಮೆ ಸಾಕು, ಕುಂಡದಲ್ಲಿದ್ದರೆ ದಿನ ಬಿಟ್ಟು ದಿನ. ನೀರು ನಿಲ್ಲುವ ಜಾಗದಲ್ಲಿ ಬೇರು ಕೊಳೆಯುತ್ತದೆ, ಅದೊಂದು ಎಚ್ಚರ. ಪೂಜೆಗೆ ಕೊಯ್ದರೆ ಹೂ ನಿಲ್ಲುವುದಿಲ್ಲ, ಹಾರಕ್ಕೆ ಆಗುವುದಿಲ್ಲ. ಕಡ್ಡಿಯಿಂದ ಬೆಳೆಸುವುದು ಸ್ವಲ್ಪ ಕಷ್ಟವಾದ್ದರಿಂದ ಸಸಿಗೆ ಹೆಚ್ಚು ದುಡ್ಡು ಕೊಡಬೇಕಾಗಬಹುದು. ಕೊಡಿ.

ತಂಗಡಿ

ಇದಕ್ಕೆ ನರ್ಸರಿಯಲ್ಲಿ ಜಾಗವೇ ಇಲ್ಲ. ಅಂತರಗಂಗೆಯ ಇಳಿಜಾರಿನಲ್ಲಿ, ಪಾವಗಡದ ಬಂಡೆಗಳ ಸಂದಿಯಲ್ಲಿ, ಬಾಗೇಪಲ್ಲಿಯ ರಸ್ತೆ ಬದಿಯಲ್ಲಿ ಯಾರ ಹಂಗೂ ಇಲ್ಲದೆ ಹೂ ಬಿಟ್ಟು ನಿಂತಿರುತ್ತದೆ. ಕೆಲವೆಡೆ ಆವರಿಕೆ ಎನ್ನುತ್ತಾರೆ. ನಮ್ಮ ಗಡಿಯಾಚೆ ತೆಲುಗರಿಗೆ ಇದು ತಂಗೇಡು, ತೆಲಂಗಾಣದ ರಾಜ್ಯ ಪುಷ್ಪ. ಅಲ್ಲಿ ಬತುಕಮ್ಮ ಹಬ್ಬದ ಹೂ ಗೋಪುರಕ್ಕೆ ಇದು ಬೇಕೇ ಬೇಕು. ನಮ್ಮಲ್ಲಿ ಹಿಂದೆ ಇದರ ತೊಗಟೆ ಚರ್ಮ ಹದಮಾಡಲು ಹೋಗುತ್ತಿತ್ತು, ಸೊಪ್ಪು ಹೊಂಗೆಯ ಜೊತೆ ಗದ್ದೆಗೆ ಹಸಿರು ಗೊಬ್ಬರವಾಗುತ್ತಿತ್ತು. ಇಷ್ಟು ಉಪಕಾರ ಮಾಡಿದ ಗಿಡವನ್ನು ಅಂಗಳಕ್ಕೆ ಕರೆಯಲು ನಾವು ಯಾಕೆ ನಾಚಿಕೊಳ್ಳುತ್ತೇವೋ ತಿಳಿಯದು.

ಒಮ್ಮೆ ಬೇರು ಇಳಿದರೆ ಎರಡನೆಯ ಬೇಸಿಗೆಯಿಂದ ನೀರೇ ಬೇಡ. ಕಲ್ಲು, ಗರಸು, ಸುಣ್ಣ ಯಾವುದಕ್ಕೂ ಅಂಜುವುದಿಲ್ಲ. ಜಾನುವಾರು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹೂವಿನಲ್ಲಿ ಮಕರಂದವಿಲ್ಲ, ಇರುವುದು ಪರಾಗ ಮಾತ್ರ. ದೊಡ್ಡ ಕಪ್ಪು ದುಂಬಿ ಹೂವನ್ನು ತಬ್ಬಿ ಮೈ ಕಂಪಿಸಿ ಝೇಂಕರಿಸಿದಾಗ ಪರಾಗ ಕೇಸರದ ತುದಿಯ ರಂಧ್ರದಿಂದ ಉದುರುತ್ತದೆ. ಬೆಳಿಗ್ಗೆ ಹತ್ತಿರ ನಿಂತರೆ ಆ ಸದ್ದು ಕೇಳಿಸುತ್ತದೆ. ತಿಳಿ ಹಳದಿಯ ಚಿಟ್ಟೆಗಳು ಇದರ ಎಲೆಯ ಮೇಲೆ ಮೊಟ್ಟೆ ಇಡುತ್ತವೆ. ಹಸಿರು ಹುಳುಗಳು ಎಲೆ ತಿಂದು ಗಿಡ ಕೆಲವು ದಿನ ಬೋಳಾಗುತ್ತದೆ. ಔಷಧಿ ಹೊಡೆಯಬೇಡಿ, ಮತ್ತೆ ಚಿಗುರುತ್ತದೆ.

ತಂಗಡಿಯ ತೊಂದರೆ ತಾಳ್ಮೆಯದು. ಆಳಕ್ಕೆ ಇಳಿಯುವ ತಾಯಿಬೇರು ಇರುವುದರಿಂದ ಗುಡ್ಡದಿಂದ ಕಿತ್ತು ತಂದ ಗಿಡ ಬದುಕುವುದು ಕಡಿಮೆ. ಬೀಜದಿಂದಲೇ ಬೆಳೆಸಬೇಕು. ಬೀಜದ ಸಿಪ್ಪೆ ಗಟ್ಟಿ. ಕುದಿದ ನೀರನ್ನು ಒಲೆಯಿಂದ ಇಳಿಸಿ ಸ್ವಲ್ಪ ಆರಿಸಿ ಅದರಲ್ಲಿ ಬೀಜ ಹಾಕಿ ರಾತ್ರಿಯೆಲ್ಲ ಬಿಡಿ. ಉಬ್ಬಿದವುಗಳನ್ನು ನೇರವಾಗಿ ನೆಡುವ ಜಾಗದಲ್ಲೇ, ಗುಣಿಗೆ ಮೂರರಂತೆ ಊರಿ. ಚೆನ್ನಾಗಿ ಹೂ ಕಾಣಲು ಎರಡು ವರ್ಷ ಕಾಯಬೇಕು. ಹೂ ಸುರಿಯುವುದು ಮಳೆಗಾಲದಿಂದ ಚಳಿಗಾಲದವರೆಗೆ, ಕಡು ಬೇಸಿಗೆಯಲ್ಲಿ ಕಡಿಮೆ. ಆಕಾರವೂ ಸ್ವಲ್ಪ ಒರಟು. ಇದರ ಹೂವಿನ ಕಷಾಯ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಕುಡಿಯುವವರಿದ್ದಾರೆ. ಅದಕ್ಕಾಗಿ ವೈದ್ಯರು ಕೊಟ್ಟ ಮಾತ್ರೆಯನ್ನು ಮಾತ್ರ ನಿಲ್ಲಿಸಬೇಡಿ.

ಹಳದಿ ದಾಸವಾಳವನ್ನೂ ಕೆಲವರು ಕೇಳುತ್ತಾರೆ. ಪೂಜೆಗೆ ಅದು ಸರಿ. ಆದರೆ ನೀರೂ ಬೇಕು, ಹಿಟ್ಟು ತಿಗಣೆಯ ಕಾಟವೂ ತಪ್ಪದು. ಮುಳ್ಳುಗೋರಂಟೆ ನೀರು ಕೇಳದ, ಕನಕಾಂಬರದ ಕುಟುಂಬದ ಒಳ್ಳೆಯ ಗಿಡ. ಮುಳ್ಳಿರುವುದರಿಂದ ಬೇಲಿಗೆ ಮಾತ್ರ.

ಹಾಗಾದರೆ ಯಾರಿಗೆ ಯಾವುದು

ತುಮಕೂರಿನ ಸೈಟಿನವರಿಗೆ ನನ್ನ ಉತ್ತರ ಗಾಲ್ಫಿಮಿಯಾ. ಗೇಟಿನ ಎರಡು ಬದಿಗೆ ಎರಡು. ಹೂ ದೊಡ್ಡದೇ ಬೇಕು, ಗುಡಿಸಲು ಬೇಸರವಿಲ್ಲ ಎಂದರೆ ಕುಳ್ಳ ಟೆಕೋಮಾ. ಬಾಡಿಗೆ ಮನೆಯವರು, ತಾರಸಿಯಲ್ಲಿ ಕುಂಡ ಇಡುವವರು ಕೂಡ ಗಾಲ್ಫಿಮಿಯಾದ ಕಡೆಗೇ ಹೋಗಲಿ. ನೀರು ಧಾರಾಳವಾಗಿದ್ದರೆ ಪೊದೆ ಅಲಮಾಂಡ.

ಚಿಂತಾಮಣಿಯ ತೋಟದವರೇ, ನಿಮ್ಮ ಬೇಲಿಗೆ ತಂಗಡಿ ಬಿತ್ತಿ. ಖರ್ಚು ಬೀಜ ಆಯುವ ಶ್ರಮವಷ್ಟೇ. ಎರಡು ವರ್ಷ ಕಾಯಲು ಆಗದಿದ್ದರೆ ತಂಗಡಿಯ ನಡುನಡುವೆ ಹತ್ತು ಅಡಿಗೊಂದರಂತೆ ಟೆಕೋಮಾ ಕಡ್ಡಿ ಊರಿ, ತಂಗಡಿ ಎದ್ದು ನಿಂತ ಮೇಲೆ ಟೆಕೋಮಾವನ್ನು ಬೇಕಾದರೆ ಉಳಿಸಿ, ಬೇಡವಾದರೆ ತೆಗೆಯಿರಿ. ಮಾರುವವರು ಎಷ್ಟೇ ಅಗ್ಗ ಎಂದರೂ ಹಳದಿ ಕಣಗಿಲೆ ಬೇಡ. ನಿಮ್ಮಲ್ಲಿ ಹಸುಗಳಿವೆ.

ಶಿಡ್ಲಘಟ್ಟದವರ ಪ್ರಶ್ನೆ ಬೇರೆ ಬಗೆಯದು. ಅವರ ಮನೆಯ ಸುತ್ತ ಹಿಪ್ಪುನೇರಳೆ ತೋಟಗಳು. ಅಲಮಾಂಡಕ್ಕೆ, ದಾಸವಾಳಕ್ಕೆ ಹುಳು ಬಿದ್ದಾಗ ಔಷಧಿ ಹೊಡೆದರೆ ಅದು ಗಾಳಿಯಲ್ಲಿ ಸೊಪ್ಪಿನ ಮೇಲೆ ಕೂರುತ್ತದೆ, ಆ ಸೊಪ್ಪು ರೇಷ್ಮೆ ಹುಳುವಿನ ಹೊಟ್ಟೆಗೆ ಹೋಗುತ್ತದೆ. ಬೇವಿನ ಎಣ್ಣೆ ನಿರಪಾಯ ಎಂದು ಅನೇಕರು ನಂಬಿದ್ದಾರೆ, ಆದರೆ ರೇಷ್ಮೆ ಹುಳುವಿಗೆ ಅದೂ ವಿಷವೇ. ಔಷಧಿಯ ಹಂಗೇ ಇಲ್ಲದ ಗಿಡ ಬೇಕು ಅವರಿಗೆ. ಟೆಕೋಮಾ ಅಥವಾ ತಂಗಡಿ, ಎರಡರಲ್ಲಿ ಒಂದು. ಎಲ್ಲೋ ಹಿಟ್ಟು ತಿಗಣೆ ಕಂಡರೆ ನೀರಿನ ಧಾರೆಯಿಂದ ತೊಳೆಯಿರಿ, ಇಲ್ಲವೇ ಆ ರೆಂಬೆಯನ್ನು ಕತ್ತರಿಸಿ.

ಯಾವುದನ್ನೇ ಆರಿಸಿದರೂ ಈಗಲೇ, ಜೂನ್ ಜುಲೈಯೊಳಗೆ ನೆಡಿ. ನಮ್ಮ ಕಡೆ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಬೇರು ಹರಡಿದ್ದರೆ ಆ ನೀರೆಲ್ಲ ಗಿಡಕ್ಕೆ ದಕ್ಕುತ್ತದೆ. ನರ್ಸರಿಯಲ್ಲಿ ಹೂ ತುಂಬಿದ ದೊಡ್ಡ ಚೀಲದ ಗಿಡವನ್ನು ಬಿಟ್ಟು, ಮೊಳಕಾಲೆತ್ತರದ, ಚೀಲದ ತಳದಲ್ಲಿ ಬೇರು ಸುತ್ತಿಕೊಳ್ಳದ ಸಸಿಯನ್ನು ತನ್ನಿ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಮೇಲ್ಮಣ್ಣಿಗೆ ಒಂದು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರ ಕಲಸಿ ತುಂಬಿ. ತಂಗಡಿಗೆ ಗೊಬ್ಬರವೂ ಬೇಡ. ನೆಟ್ಟ ಮೇಲೆ ಪಾತಿ ಮಾಡಿ, ಒಣ ಎಲೆಯೋ ಕಡಲೆಕಾಯಿ ಸಿಪ್ಪೆಯೋ ಬುಡದಿಂದ ನಾಲ್ಕು ಬೆರಳು ಬಿಟ್ಟು ಹರಡಿ. ತಂಗಡಿ ಬೀಜ ಈ ವರ್ಷ ಸಿಗದವರು ಚಳಿಗಾಲ ಕಳೆಯುವ ಹೊತ್ತಿಗೆ ಗುಡ್ಡದ ದಾರಿಯಲ್ಲಿ ಒಂದು ಚೀಲ ಹಿಡಿದು ಹೋಗಿ. ಕಂದು ಬಣ್ಣಕ್ಕೆ ತಿರುಗಿದ ಚಪ್ಪಟೆ ಕಾಯಿಗಳನ್ನು ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎನ್ನುತ್ತದೆ. ಒಂದು ಗಿಡದಿಂದ ಒಂದು ಹಿಡಿ ಸಾಕು, ಉಳಿದದ್ದನ್ನು ಗುಡ್ಡಕ್ಕೇ ಬಿಡಿ.